ಗ್ಯಾಸ್ ಆಫ್ ಮಾಡಿ ಬಂದೆಯಾ ಅಮ್ಮ?

ಕೌಂಟಿ ಮೇಯೊ, ಐರ್ಲೆಂಡ್
9 ನವೆಂಬರ್ 2025, ಭಾನುವಾರ

ಅಮ್ಮ, ಅಪ್ಪ ಇಬ್ಬರಿಗೂ ನಮಸ್ಕಾರ. ನಾವು ನಾಲ್ಕೂ ಜನ ಚೆನ್ನಾಗಿದ್ದೇವೆ.

ಫೋನು, ವಿಡಿಯೊ ಎಲ್ಲಾ ಇರುವಾಗ ಇವಳಿಗೇನು ಕಾಗದ ಬರೆಯೋ ಹುಚ್ಚು ಅಂತ ಅಪ್ಪ ಅಂದುಕೊಳ್ಳುತ್ತಾರೆ. ಕಾರಣ ಅಮ್ಮ. ಗುರುವಾರ ಪುಟ್ಟಿ "ಅಜ್ಜಿ, ಮಾಮಿ ತೋರಿಸು" ಅಂದಳು. ನೀನು ಫೋನನ್ನು ದೇವರ ಮನೆಗೆ ಒಯ್ದು ಗಣಪತಿ ಮುಂದೆ ಹಿಡಿದೆ. ಅವಳು ಹಣೆ ಮುಟ್ಟಿಕೊಂಡಳು, ಎದೆ ಮುಟ್ಟಿಕೊಂಡಳು, ಎಡ ಭುಜ, ಬಲ ಭುಜ, ಥೇಟ್ ಚರ್ಚಿನವರು ಶಿಲುಬೆ ಗುರುತು ಹಾಕಿಕೊಳ್ಳುವ ಹಾಗೆ, ಆಮೇಲೆ ಕೈ ಮುಗಿದಳು. ನೀನು "ಗ್ಯಾಸ್ ಆಫ್ ಮಾಡಿ ಬರ್ತೀನಿ" ಅಂತ ಎದ್ದು ಹೋದೆ. ಇಲ್ಲಿ ಮೂರೂವರೆ, ಅಂದರೆ ನಿಮಗೆ ರಾತ್ರಿ 9. ಆ ಹೊತ್ತಿಗೆ ನಿನ್ನ ಒಲೆ ಮೇಲೆ ಏನೂ ಇರಲ್ಲ. ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ದೀಪ ಆರಿಸಿ ಬಂದಿರುತ್ತೀಯ. ನನಗೆ ಗೊತ್ತಿಲ್ವಾ?

ನೀನು ಒಂದು ಮಾತೂ ಆಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೇಗೂ ಮೇ ತಿಂಗಳಲ್ಲಿ ಬರುತ್ತೀರಿ. ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಬಿಡೋದು ತಾತನ ಕೆಲಸ ಅಂತ ಚಿನ್ನು ಈಗಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ. ಬಂದು ನೋಡಿ ಗಾಬರಿ ಆಗುವುದಕ್ಕಿಂತ, ಮಕ್ಕಳು ಹೋಗುವ ಕ್ಯಾಥೊಲಿಕ್ ಶಾಲೆ ಎಂಥದ್ದು ಅಂತ ಮೊದಲೇ ತಿಳಿದಿರಲಿ.

ಕ್ಯಾಥೊಲಿಕ್ ಶಾಲೆ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಬರೋದು ನಾನು ಓದಿದ ಕಾನ್ವೆಂಟು. ದೊಡ್ಡ ಗೇಟು, ಗೇಟಿಗೊಬ್ಬ ವಾಚ್‌ಮ್ಯಾನು, ಫಾರಂ ತರಲು ಕ್ಯೂ. ನಮ್ಮೂರಲ್ಲಿ ಆ ಪದಕ್ಕೆ ಎಷ್ಟು ತೂಕ ಅಂದರೆ, ಚರ್ಚಿಗೂ ತನಗೂ ಸಂಬಂಧವೇ ಇಲ್ಲದ ಗಲ್ಲಿ ಮೂಲೆಯ ಇಂಗ್ಲಿಷ್ ಶಾಲೆಯನ್ನೂ ಕಾನ್ವೆಂಟ್ ಅಂತಲೇ ಕರೆಯುತ್ತೇವೆ. ಆ ಚಿತ್ರ ತೆಗೆದುಹಾಕಿ. ಅಪ್ಪ ಕುಣಿಗಲ್ ಕಡೆ ಊರಲ್ಲಿ ಓದಿದ ಎರಡು ಕೋಣೆ ಶಾಲೆ ನೆನಪು ಮಾಡಿಕೊಳ್ಳಿ. ಇದು ಅದರ ತಂಗಿ.

ಒಟ್ಟು 54 ಮಕ್ಕಳು, ಮೂರು ಜನ ಟೀಚರ್‌ಗಳು, ಮೂರು ಕೋಣೆ. ಇಲ್ಲಿ ಪ್ರೈಮರಿ ಅಂದರೆ ಎಂಟು ವರ್ಷ. ಮೊದಲೆರಡು ವರ್ಷಕ್ಕೆ ಜೂನಿಯರ್ ಇನ್‌ಫೆಂಟ್ಸ್, ಸೀನಿಯರ್ ಇನ್‌ಫೆಂಟ್ಸ್ ಅಂತ ಹೆಸರು, ಆಮೇಲೆ ಒಂದರಿಂದ ಆರು. ಎಂಟು ಕ್ಲಾಸನ್ನು ಮೂರು ಕೋಣೆಯಲ್ಲಿ ಹಂಚಬೇಕು. ಪುಟ್ಟಿ ಕೂರೋದು ಒಂದನೇ ಕ್ಲಾಸಿನವರ ಜೊತೆಗೇ. ದೊಡ್ಡವರಿಗೆ ಲೆಕ್ಕ ಕೊಟ್ಟು ಟೀಚರ್ ಈ ಕಡೆ ತಿರುಗಿ ಚಿಕ್ಕವರಿಗೆ ಅಕ್ಷರ ತಿದ್ದಿಸುತ್ತಾರೆ. ಅಪ್ಪ ಹೇಳುತ್ತಿರಲಿಲ್ವಾ, ಮೇಷ್ಟ್ರು ಒಬ್ಬರೇ, ಕ್ಲಾಸು ನಾಲ್ಕು, ಮೂರನೇ ಕ್ಲಾಸಿನವರ ಮಗ್ಗಿ ಕೇಳಿ ಕೇಳಿ ಒಂದನೇ ಕ್ಲಾಸಿನಲ್ಲೇ ಬಾಯಿಗೆ ಬಂತು ಅಂತ. ಪುಟ್ಟಿಗೂ ಹಾಗೇ ಆಗುತ್ತಿದೆ. ಹೆಡ್‌ಮಿಸ್ಸಿಗೂ ಒಂದು ಕ್ಲಾಸ್‌ರೂಮಿದೆ. ಪಾಠ ಮಾಡುವ ಮಧ್ಯದಲ್ಲೇ ಬಾಗಿಲಿಗೆ ಬಂದು ನಮ್ಮ ಜೊತೆ ಮಾತಾಡುತ್ತಾರೆ, ಕೈಯಲ್ಲಿ ಸೀಮೆಸುಣ್ಣದ ಬದಲು ಮಾರ್ಕರ್ ಪೆನ್ನು ಅಷ್ಟೇ.

ಹೋದ ಜೂನ್‌ನಲ್ಲಿ ಹೊಸ ಮಕ್ಕಳ ತಂದೆ ತಾಯಿಯರನ್ನು ಒಂದು ಸಂಜೆ ಕರೆದಿದ್ದರು. ಚಿಕ್ಕ ಮಕ್ಕಳ ಕುರ್ಚಿ ಮೇಲೆ ನಾವು, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ. ಹೆಡ್‌ಮಿಸ್ ಕೇಳಿದ್ದು ಮೂರೇ. ಮಗು ತನ್ನ ಡಬ್ಬಿ ತಾನೇ ತೆಗೆಯುತ್ತಾ? ಕೋಟು ತಾನೇ ಹಾಕಿಕೊಳ್ಳುತ್ತಾ? ಟಾಯ್ಲೆಟ್‌ಗೆ ಒಂದೇ ಹೋಗುತ್ತಾ? ಎಬಿಸಿಡಿ ಮಾತೇ ಇಲ್ಲ. ಚಿನ್ನುಗೆ ಎಲ್‌ಕೆಜಿಗೆ ಅಂತ ಬೆಂಗಳೂರಲ್ಲಿ ಒಂದು ಶಾಲೆಗೆ ಹೋಗಿದ್ದೆವಲ್ಲ, ಅಲ್ಲಿ ಮಗುಗೆ ಹಣ್ಣಿನ ಚಿತ್ರ ತೋರಿಸಿ ಕೇಳಿದ್ದೂ ಸಾಲದು ಅಂತ ನನ್ನ ಡಿಗ್ರಿ, ಇವರ ಸಂಬಳ, ಸ್ವಂತ ಮನೆಯಾ ಅಂತ ಕೇಳಿದ್ದರು. ಡೊನೇಷನ್ ಲೆಕ್ಕ ಬೇರೆ ರೂಮಿನಲ್ಲಿ. ಇಲ್ಲಿ ಟೀಚರ್‌ಗಳ ಸಂಬಳ ಸರ್ಕಾರದ್ದು. ಪಠ್ಯಪುಸ್ತಕ 2023ರಿಂದ ಪುಕ್ಕಟೆ. ಹಾಗಂತ ಏನೂ ಕೇಳಲ್ಲ ಅಂತಲ್ಲ, ವರ್ಷಕ್ಕೊಮ್ಮೆ "ಇಷ್ಟ ಇದ್ದರೆ ಕೊಡಿ" ಅಂತ ಒಂದು ಚೀಟಿ ಬರುತ್ತೆ. ಇಷ್ಟ ಇರಲೇಬೇಕು ಅನ್ನೋ ಧಾಟಿಯಲ್ಲಿರುತ್ತೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ ಅಮ್ಮ.

ಈ ದೇಶದ ಹತ್ತು ಪ್ರೈಮರಿ ಶಾಲೆಗಳಲ್ಲಿ ಹೆಚ್ಚುಕಡಿಮೆ ಒಂಬತ್ತು ಕ್ಯಾಥೊಲಿಕ್ ಶಾಲೆಗಳೇ. ನಾವು ಆರಿಸಿಕೊಂಡು ಹೋಗಿದ್ದಲ್ಲ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇದ್ದದ್ದು ಇದೊಂದೇ. ದುಡ್ಡು ಸರ್ಕಾರದ್ದು, ಯಜಮಾನಿಕೆ ಬಿಷಪ್ಪರದ್ದು. ಮೊದಲು ಶಾಲೆ ತುಂಬಿದ್ದರೆ ಬ್ಯಾಪ್ಟಿಸಂ, ಅಂದರೆ ಚರ್ಚಿನ ಜ್ಞಾನಸ್ನಾನ, ಆದ ಮಕ್ಕಳಿಗೇ ಮೊದಲ ಸೀಟು ಕೊಡಬಹುದಿತ್ತು. 2018ರ ಕಾನೂನು ಬಂದ ಮೇಲೆ ಅದು ನಿಂತಿತು. ಬೆಳಿಗ್ಗೆ ಒಂದು ಪ್ರಾರ್ಥನೆ, ಊಟಕ್ಕೆ ಮುಂಚೆ ಒಂದು, ದಿನಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ ಧರ್ಮದ ಪಾಠ. ಬೇಡ ಅಂದರೆ ಮಗುವನ್ನು ಹೊರಗಿಡಬಹುದು, ಅವರ ಸಂವಿಧಾನದಲ್ಲೇ ಇದೆ. ಆದರೆ ಹೊರಗೆ ಅಂದರೆ ಎಲ್ಲಿ? ಇರೋದು ಮೂರು ಕೋಣೆ. ಪುಟ್ಟಿ ಅದೇ ಕೋಣೆಯಲ್ಲಿ ಬಣ್ಣ ಹಚ್ಚುತ್ತಾ ಕೂತಿರುತ್ತಾಳೆ, ಕಿವಿ ಅಂತೂ ಅಲ್ಲೇ ಇರುತ್ತೆ. ಹತ್ತು ಮಕ್ಕಳು ಹಣೆ ಮುಟ್ಟಿಕೊಂಡರೆ ಹನ್ನೊಂದನೆಯದೂ ಮುಟ್ಟಿಕೊಳ್ಳುತ್ತೆ.

ಒಂದು ಮಾತು ಕೇಳಲಾ? ನನಗೆ ಜ್ವರ ಬಿಡದೆ ಇದ್ದಾಗ ಸೆಪ್ಟೆಂಬರ್ 8ರ ಜಾತ್ರೆಗೆ ಶಿವಾಜಿನಗರದ ಚರ್ಚಿಗೆ ಕರೆದುಕೊಂಡು ಹೋಗಿ ಮೇಣದಬತ್ತಿ ಹಚ್ಚಿದವರು ಯಾರು? ಸೀರೆ ಉಟ್ಟ ಮೇರಿ ಅಮ್ಮನನ್ನು ನೋಡಿ "ನಮ್ಮ ಅಣ್ಣಮ್ಮನ ಹಾಗೇ ಇದ್ದಾಳೆ" ಅಂದಿದ್ದೆ. ಆವಾಗ ಯಾವ ಗ್ಯಾಸೂ ನೆನಪಾಗಲಿಲ್ಲ.

ತಮಾಷೆ ಬಿಡು. ನಿನ್ನ ಭಯ ನನಗೆ ಅರ್ಥ ಆಗುತ್ತೆ. ನನಗೂ ಒಂದು ವಿಷಯ ಕೊರೆಯುತ್ತೆ, ಅದು ಚಿನ್ನುದು. ಅವನು ಈಗ ಎರಡನೇ ಕ್ಲಾಸು. ಆ ಕ್ಲಾಸಿನ ಮಕ್ಕಳಿಗೆ ಮೇ ತಿಂಗಳಲ್ಲಿ ಫಸ್ಟ್ ಕಮ್ಯೂನಿಯನ್, ಮೊದಲ ಸಲ ಚರ್ಚಿನ ಪ್ರಸಾದ ತೆಗೆದುಕೊಳ್ಳುವ ದಿನ. ಹುಡುಗಿಯರಿಗೆ ಬಿಳಿ ಗೌನು, ತಲೆಗೆ ಬಿಳಿ ಮುಸುಕು, ಥೇಟ್ ಪುಟಾಣಿ ಮದುಮಗಳು. ಹುಡುಗರಿಗೆ ಸೂಟು. ಮನೆ ಮುಂದೆ ಗಾಳಿ ತುಂಬಿದ ಜಾರುಬಂಡೆ, ನೆಂಟರು, ಊಟ. ಬಂದವರೆಲ್ಲ ಮಗುವಿನ ಕೈಗೆ ಕವರು ಕೊಡುತ್ತಾರೆ. ನಮ್ಮ ಎದುರು ಮನೆ ಹುಡುಗನ ಮುಂಜಿಯಲ್ಲಿ ಭಿಕ್ಷೆ ಹಾಕಿದ ಹಾಗೇ. ಅದಕ್ಕೆ ಈಗಿನಿಂದಲೇ ಹಾಡು, ತಯಾರಿ. ಚಿನ್ನು ಹಿಂದಿನ ಬೆಂಚಿನಲ್ಲಿ ಕಥೆ ಪುಸ್ತಕ ಹಿಡಿದು ಕೂರುತ್ತಾನೆ. ಟೀಚರ್ ಒಳ್ಳೆಯವರು, ಅವರ ತಪ್ಪಲ್ಲ. ಆದರೂ ವಾರಗಟ್ಟಲೆ ಒಬ್ಬನೇ ಹಿಂದೆ ಕೂರೋದು ಸರಿ ಅಂತ ನನಗೆ ಅನಿಸಿಲ್ಲ. "ನಿಂಗೆ ಬೇಜಾರಾಗುತ್ತೇನೋ?" ಅಂದೆ. "ನಂಗೂ ಕಮ್ಯೂನಿಯನ್ ಬೇಕು" ಅಂದ. ಎದೆ ಧಸಕ್ ಅಂತು. ಯಾಕೋ ಅಂದರೆ, "ಹೋದ ವರ್ಷ ಒಬ್ಬನಿಗೆ ಬಂದ ದುಡ್ಡಲ್ಲಿ ಸೈಕಲ್ ಬಂತು". ಇವರು ಸೈಕಲ್ ಕೊಡಿಸುತ್ತೇನೆ ಅಂದರು. ಧರ್ಮಸಂಕಟ ಅಲ್ಲಿಗೆ ಮುಗಿಯಿತು.

ಅಡುಗೆಮನೆ ಬಾಗಿಲ ಮೇಲೆ ಮಾವಿನ ತೋರಣದ ಪಕ್ಕ ಪೊರಕೆ ಕಡ್ಡಿ ಯಾಕೆ ಸಿಕ್ಕಿಸಿದ್ದೀಯ ಅಂತ ಕೇಳಿದ್ದೆಯಲ್ಲ, ಅದು ಚಿನ್ನು ಶಾಲೆಯಲ್ಲಿ ಹೆಣೆದದ್ದು. ಫೆಬ್ರವರಿ 1ಕ್ಕೆ ಸಂತ ಬ್ರಿಜಿಡ್ ಹಬ್ಬ. ಜೊಂಡು ಹುಲ್ಲಿನಲ್ಲಿ ಶಿಲುಬೆ ಹೆಣೆದು ಬಾಗಿಲಿಗೆ ಹಾಕಿದರೆ ಮನೆಗೆ ಬೆಂಕಿ ಬೀಳಲ್ಲ ಅಂತ ನಂಬಿಕೆ. ಗ್ಯಾಸ್ ಒಲೆ ಇರೋ ಮನೆಗೆ ಒಳ್ಳೇದೇ ಅಲ್ವಾ?

ಆದರೆ ಅಪ್ಪನಿಗೆ ನಾನು ಹೇಳಬೇಕಾಗಿರೋದು ದೇವರ ವಿಷಯ ಅಲ್ಲ, ಭಾಷೆ ವಿಷಯ. ಇಲ್ಲಿ ಎಲ್ಲರೂ ಇಂಗ್ಲಿಷೇ ಮಾತಾಡುತ್ತಾರೆ. ಆದರೆ ಶಾಲೆಯಲ್ಲಿ ಐರಿಷ್ ಕಡ್ಡಾಯ. ಹಾಜರಿ ಕರೆದರೆ "ಅನ್‌ಶೋ" ಅನ್ನಬೇಕು, ಇಲ್ಲಿದ್ದೀನಿ ಅಂತ. ನಮ್ಮ ಪುಟ್ಟಿ ಮೊದಲ ವಾರ ಕಲಿತ ದೊಡ್ಡ ವಾಕ್ಯ "ಅನ್ ವಿಲ್ ಕ್ಯಾದ್ ಅಗಮ್ ದಲ್ ಗದೀ ಅನ್ ಲೆಹ್ರಸ್". ಮಂತ್ರ ಅಂದುಕೊಂಡಿರಾ? ನಾನು ಟಾಯ್ಲೆಟ್‌ಗೆ ಹೋಗಬಹುದಾ ಅಂತ. ಈ ದೇಶದ ಯಾವ ಮುದುಕರನ್ನು ಕೇಳಿದರೂ, ಐರಿಷ್ ಪೂರ್ತಿ ಮರೆತವರಿಗೂ ಈ ಒಂದು ವಾಕ್ಯ ನೆನಪಿರುತ್ತೆ. ಇನ್ನು ಅವರ ನಮಸ್ಕಾರ. ಒಬ್ಬರು "ದೇವರು ನಿನ್ನ ಜೊತೆಗಿರಲಿ" ಅನ್ನುತ್ತಾರೆ, ಇನ್ನೊಬ್ಬರು "ದೇವರೂ ಮೇರಿಯೂ ನಿನ್ನ ಜೊತೆಗಿರಲಿ" ಅನ್ನುತ್ತಾರೆ. ಭಾಷೆಯೊಳಗೇ ಸೇರಿಹೋಗಿದೆ, ಅಮ್ಮ. ಧರ್ಮದ ಪಾಠ ಬಿಡಿಸಬಹುದು, ನಮಸ್ಕಾರ ಹೇಗೆ ಬಿಡಿಸಲಿ?

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಇದೇ ಶಾಲೆಯಲ್ಲಿ ಓದಿದವರು. ಒಂದು ದಿನ ಟೀ ಕುಡಿಯುತ್ತಾ ತಮ್ಮ ಮುತ್ತಜ್ಜನ ಕಾಲದ ಮಾತು ಹೇಳಿದರು. ಬ್ರಿಟಿಷರ ಆಡಳಿತದಲ್ಲಿ 1831ರಿಂದ ಊರೂರಿಗೆ ಸರ್ಕಾರಿ ಶಾಲೆ ಬಂತು, ಎಲ್ಲಾ ಇಂಗ್ಲಿಷಿನಲ್ಲಿ. ಮಕ್ಕಳ ಕೊರಳಿಗೆ ದಾರ ಕಟ್ಟಿ ಒಂದು ಕೋಲು ತೂಗುಹಾಕುತ್ತಿದ್ದರಂತೆ. ಐರಿಷ್ ಮಾತಾಡಿದರೆ ಕೋಲಿನ ಮೇಲೆ ಒಂದು ಗೀರು. ಸಂಜೆ ಗೀರು ಎಣಿಸಿ ಅಷ್ಟು ಏಟು. ಕೇಳುತ್ತಾ ಕೇಳುತ್ತಾ ನನ್ನ ಟೀ ಆರಿಹೋಯಿತು.

ಅಪ್ಪ, ನಿಮಗೆ ನೆನಪಿದೆಯಾ? ನನ್ನ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಒಂದು ಮಾತಿಗೆ ಒಂದು ರೂಪಾಯಿ ದಂಡ ಇತ್ತು. ಲೀಡರ್ ಹುಡುಗಿ ಪುಟ್ಟ ಡೈರಿಯಲ್ಲಿ ಗೀಟು ಎಳೆಯುತ್ತಿದ್ದಳು. ಅದೂ ಬಸವನಗುಡಿಯಿಂದ ಎರಡು ಸ್ಟಾಪ್ ಆಚೆ! ನಾನು ಅಳುತ್ತಾ ಮನೆಗೆ ಬಂದೆ. ನೀವು ಶಾಲೆಗೆ ಹೋಗಿ ಜಗಳ ಆಡಲಿಲ್ಲ. ಜೇಬಿನಿಂದ ಹತ್ತು ರೂಪಾಯಿ ಚಿಲ್ಲರೆ ತೆಗೆದು ನನ್ನ ಜಾಮಿಟ್ರಿ ಬಾಕ್ಸಿಗೆ ಹಾಕಿದಿರಿ. "ಈ ತಿಂಗಳದ್ದು. ಖರ್ಚಾದ್ರೆ ಹೇಳು, ಮತ್ತೆ ಕೊಡ್ತೀನಿ" ಅಂದಿರಿ. ಆ ತಿಂಗಳು ನಾನು ಏಳು ರೂಪಾಯಿ ಕನ್ನಡ ಮಾತಾಡಿದೆ. ಇದನ್ನು ಅಜ್ಜಿಗೆ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಈಗ ಅದೇ ಊರಿನ ಶಾಲೆಯಲ್ಲಿ ಅವರ ಮೊಮ್ಮಕ್ಕಳು, ನಿಮ್ಮ ಮೊಮ್ಮಕ್ಕಳು ಒಟ್ಟಿಗೆ ಐರಿಷ್ ಕಲಿಯುತ್ತಿದ್ದಾರೆ. ಪುಟ್ಟಿಯ ಉಚ್ಚಾರಣೆ ಚೆನ್ನಾಗಿದೆ ಅಂತ ಟೀಚರ್ ಹೊಗಳಿದರು. ನಮ್ಮ ನಾಲಿಗೆಯಲ್ಲಿ ತ, ದ ಎಲ್ಲಾ ಹೊರಳುತ್ತಲ್ಲ!

ಊಟದ ಬಗ್ಗೆ ಅಮ್ಮ ಕೇಳುತ್ತಲೇ ಇರುತ್ತೀಯ. ಸರ್ಕಾರದಿಂದ ಬಿಸಿಯೂಟ ಬರುತ್ತೆ, ನಮ್ಮಲ್ಲಿ ಇರೋ ಹಾಗೇ. ಹನ್ನೊಂದು ಗಂಟೆಗೆ ಮಾತ್ರ ಮನೆ ಡಬ್ಬಿ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಚಿತ್ರಾನ್ನ ಹಾಕಿ ಕಳಿಸಿದೆ, ನೀನು ಮಾಡುವ ಹಾಗೆ ಕಡಲೆಕಾಯಿ ಬೀಜ ಧಾರಾಳವಾಗಿ ಹಾಕಿ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಪುಟ್ಟಿ ಕ್ಲಾಸಿನಲ್ಲಿ ಒಂದು ಮಗುವಿಗೆ ಕಡಲೆಕಾಯಿ ಅಲರ್ಜಿ, ತಾಗಿದರೆ ಉಸಿರೇ ಕಟ್ಟುತ್ತೆ. ಅವರು ಕೊಟ್ಟ ಕಾಗದದಲ್ಲಿ ದಪ್ಪಕ್ಷರದಲ್ಲೇ ಬರೆದಿತ್ತು, ನಾನು ಸರಿಯಾಗಿ ಓದಿರಲಿಲ್ಲ. ಓಡಿ ಹೋದೆ. ಡಬ್ಬಿಯನ್ನು ಎರಡು ಕವರಿನಲ್ಲಿ ಸುತ್ತಿ ಆಫೀಸಿನ ಕಿಟಕಿ ಹೊರಗೆ ಇಟ್ಟಿದ್ದರು, ಬಾಂಬ್ ಸಿಕ್ಕಿದ ಹಾಗೆ. ಪುಟ್ಟಿ ಒಳಗೆ ಯಾರೋ ಕೊಟ್ಟ ಬಾಳೆಹಣ್ಣು ತಿನ್ನುತ್ತಾ ಆರಾಮಾಗಿದ್ದಳು. ನನಗೆ ಮಾತ್ರ ಕೈಕಾಲು ನಡುಕ. ಕಡಲೆಕಾಯಿ ಪರಿಷೆ ಬೀದಿಯ ಮಗಳಿಗೆ ಕಡಲೆಕಾಯಿಯಿಂದಲೇ ಅವಮಾನ! ಪರಿಷೆ ಇನ್ನೇನು ಬಂತು, ನನ್ನ ಪಾಲಿನ ಒಂದು ಸೇರು ನೀವೇ ತಿನ್ನಿ. ಬರುವಾಗ ಚಟ್ನಿಪುಡಿ ಹುರಿಗಡಲೆದು ತಾ ಅಮ್ಮ, ಕಡಲೆಕಾಯಿದು ಬೇಡ.

ಆಟದ ಬಗ್ಗೆ ಅಪ್ಪನಿಗೆ ಒಂದು ಸಾಲು. ಇಲ್ಲಿ ಗೇಲಿಕ್ ಫುಟ್‌ಬಾಲ್, ಈ ದೇಶದವರದೇ ಆಟ, ಅದು ಅಂದರೆ ಪ್ರಾಣ. ಮೇಯೊ ತಂಡ ದೇಶದ ಕಪ್ ಗೆದ್ದು 1951ಕ್ಕೇ ಕೊನೆ. ಆರ್‌ಸಿಬಿ 18ನೇ ಸೀಸನ್‌ನಲ್ಲಿ ಗೆದ್ದಿದ್ದಕ್ಕೆ ನಾವು ಅತ್ತೆವಲ್ಲ, ಇವರು ಇನ್ನೂ ಕಾಯುತ್ತಿದ್ದಾರೆ. ಚಿನ್ನು ಇಡೀ ಟೀಮಿಗೆ "ಈ ಸಲ ಕಪ್ ನಮ್ದೇ" ಕಲಿಸಿಬಿಟ್ಟಿದ್ದಾನೆ. ಮೇನಲ್ಲಿ ಬಂದಾಗ ಕೇಳಿಸಿಕೊಳ್ಳಿ.

ಕೊನೆಗೆ ಒಂದು ಅರ್ಜೆಂಟ್ ಕೆಲಸ. ಡಿಸೆಂಬರ್ 18ಕ್ಕೆ ಕ್ರಿಸ್‌ಮಸ್ ನಾಟಕ. ಪುಟ್ಟಿ ಕುರಿ. ಬ್ಯಾ ಅನ್ನೋದು ಬಿಟ್ಟರೆ ಮಾತಿಲ್ಲ, ಆದರೂ ದಿನಾ ಪ್ರಾಕ್ಟೀಸ್ ನಡೆಯುತ್ತಿದೆ. ಚಿನ್ನು, ಬಾಲ ಯೇಸುವನ್ನು ನೋಡೋಕೆ ಪೂರ್ವ ದಿಕ್ಕಿನಿಂದ ಬರುವ ರಾಜ. ಪೂರ್ವ ಅಂದ ತಕ್ಷಣ ಎಲ್ಲರೂ ನನ್ನ ಕಡೆ ನೋಡಿದರು. ಕಿರೀಟಕ್ಕೆ ಹಳದಿ ಕಾಗದ ಕತ್ತರಿಸಿ ಅಂಟಿಸೋಣ ಅಂತಿದ್ದರು. ನಾನು ಬೇಡ, ತಡೀರಿ ಅಂದೆ.

ಅಪ್ಪ, ನಿಮ್ಮ ರಿಟೈರ್‌ಮೆಂಟ್ ದಿನ ಬ್ಯಾಂಕಿನವರು ತೊಡಿಸಿದ ಮೈಸೂರು ಪೇಟ ಬೀರು ಮೇಲೆ ಹಾರ್ಲಿಕ್ಸ್ ಡಬ್ಬದ ಪಕ್ಕ ಧೂಳು ತಿನ್ನುತ್ತಾ ಕೂತಿದೆಯಲ್ಲ, ಅದನ್ನು ನಾಳೆಯೇ ಸ್ಪೀಡ್ ಪೋಸ್ಟ್ ಮಾಡಿ. ಒಳಗೆ ಪೇಪರ್ ತುರುಕಿ, ಜರಿ ನಲುಗಬಾರದು. ಚಿನ್ನು ತಲೆ ಸುತ್ತಳತೆ 52 ಸೆಂಟಿಮೀಟರ್, ನಿಮ್ಮದು ದೊಡ್ಡದು, ಒಳಗೆ ಬಟ್ಟೆ ಮಡಿಸಿ ಇಡುತ್ತೇನೆ. ಅಮ್ಮ, ಪಾರ್ಸೆಲ್‌ನಲ್ಲಿ ಜಾಗ ಉಳಿಯಿತು ಅಂತ ಕೋಡುಬಳೆ ತುಂಬಬೇಡ, ಕಸ್ಟಮ್ಸ್‌ನವರು ತೆಗೆದು ನೋಡಿದರೆ ಪೇಟವೂ ತಡ ಆಗುತ್ತೆ.

ಇತಿ ನಿಮ್ಮ ಮಗಳು

ಗುರುವಾರ ಮೂರೂವರೆಗೆ ಫೋನ್ ಮಾಡುತ್ತೇನೆ. ಪುಟ್ಟಿ ಮತ್ತೆ ಮಾಮಿ ತೋರಿಸು ಅಂತಾಳೆ.