ಅಮ್ಮನಿಗೆ, ಸ್ಟುಟ್‌ಗಾರ್ಟ್‌ನಿಂದ

ಸ್ಟುಟ್‌ಗಾರ್ಟ್
ಜರ್ಮನಿ, ನವೆಂಬರ್ 23, 2025

ಪ್ರೀತಿಯ ಅಮ್ಮ,

ನಿನಗೂ ಅಪ್ಪನಿಗೂ ನಮಸ್ಕಾರ. ನಾವಿಬ್ಬರೂ ಇಲ್ಲಿ ಕ್ಷೇಮ. ಹೊಟ್ಟೆಯಲ್ಲಿರುವುದೂ ಕ್ಷೇಮ.

ಮೊನ್ನೆ ಫೋನಿನಲ್ಲಿ "ಸರಿ, ನಿಮ್ಮಿಷ್ಟ" ಅಂದು ಸುಮ್ಮನಾದೆಯಲ್ಲ, ಅವತ್ತಿನಿಂದ ನನಗೆ ಯಾವ ಕೆಲಸಕ್ಕೂ ಕೈ ಓಡುತ್ತಿಲ್ಲ. ಚೊಚ್ಚಲ ಹೆರಿಗೆಗೆ ತಿಪಟೂರಿಗೆ ಬರುವುದಿಲ್ಲ ಅನ್ನುವುದನ್ನ ನಾನು ಹೇಳಿದ ರೀತಿಯೂ ಸರಿಯಿರಲಿಲ್ಲ. ಪಕ್ಕದಲ್ಲಿ ಚಿಕ್ಕಮ್ಮ ಕೂತಿದ್ದಾಗ, ವಿಡಿಯೊ ಕಾಲ್‌ನಲ್ಲಿ ಹೇಳುವ ಮಾತಲ್ಲ ಅದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಬೈಯಿ.

ಇವತ್ತು ಭಾನುವಾರ, ಅಂಗಡಿಗಳೆಲ್ಲ ಮುಚ್ಚಿವೆ. ಭಾನುವಾರ ಇಲ್ಲಿ ಗೋಡೆಗೆ ಮೊಳೆ ಹೊಡೆಯುವ ಹಾಗೂ ಇಲ್ಲ, ಅಷ್ಟು ನಿಶ್ಶಬ್ದ. ನಾಲ್ಕೂವರೆಗೆಲ್ಲ ಕತ್ತಲಾಗಿದೆ. ನಿನಗಲ್ಲಿ ರಾತ್ರಿ ಒಂಬತ್ತು, ಅಪ್ಪನ ಊಟ ಮುಗಿದು ನೀನು ಹೆಪ್ಪು ಹಾಕುತ್ತಿರುತ್ತೀಯ. ಇವರು ಅಡುಗೆಮನೆಯಲ್ಲಿ ಬೆಣ್ಣೆ ಕಾಯಿಸುತ್ತಿದ್ದಾರೆ. ಮನೆ ತುಂಬ ಆ ವಾಸನೆ.

ಗುರುವಾರ ಸ್ಕ್ಯಾನ್ ಆಯಿತು. ಇಲ್ಲಿ ಬಸುರಿಗೆ ಇನ್ಶೂರೆನ್ಸ್ ಕಡೆಯಿಂದ ಒಟ್ಟು ಮೂರು ಸ್ಕ್ಯಾನ್: ಒಂಬತ್ತರಿಂದ ಹನ್ನೆರಡನೇ ವಾರದೊಳಗೆ ಒಂದು, ಹತ್ತೊಂಬತ್ತರಿಂದ ಇಪ್ಪತ್ತೆರಡರೊಳಗೆ ಇನ್ನೊಂದು, ಇಪ್ಪತ್ತೊಂಬತ್ತರಿಂದ ಮೂವತ್ತೆರಡರೊಳಗೆ ಕೊನೆಯದು. ಇದು ಕೊನೆಯದು. ನೀನು ತಿಂಗಳಲ್ಲಿ ಎಣಿಸುತ್ತೀಯ, ಇಲ್ಲಿಯವರು ವಾರದಲ್ಲಿ ಎಣಿಸುತ್ತಾರೆ. ಇಲ್ಲಿಯ ಲೆಕ್ಕದಲ್ಲಿ ನನಗೆ ಮೂವತ್ತೊಂದನೇ ವಾರ, ನಿನ್ನ ಲೆಕ್ಕದಲ್ಲಿ ಏಳು ತುಂಬಿ ಎಂಟಕ್ಕೆ ಬಿದ್ದಿದೆ. ದಿನ ಕೊಟ್ಟಿರುವುದು ಜನವರಿ 29ಕ್ಕೆ. ಮಗುವಿನ ತಲೆ ಆಗಲೇ ಕೆಳಗೆ ತಿರುಗಿದೆಯಂತೆ. ಎದೆಬಡಿತ ಕೇಳಿಸಿದಾಗ ನನಗೆ ನಮ್ಮೂರ ಹಿಟ್ಟಿನ ಗಿರಣಿಯ ಬೆಲ್ಟು ನೆನಪಾಯಿತು. ಅದೇ ಬಿರುಸು, ಒಂದೇ ಸಮನೆ. ಇವರು ನನ್ನ ಕೈ ಹಿಡಿದುಕೊಂಡಿದ್ದರು, ಸದ್ದು ನಿಂತ ಮೇಲೂ ಬಿಡಲಿಲ್ಲ.

ಗಂಡೋ ಹೆಣ್ಣೋ ತಿಳಿಯಬೇಕಾ ಅಂತ ಡಾಕ್ಟರು ಎರಡನೇ ಸ್ಕ್ಯಾನ್‌ನಲ್ಲೇ ಕೇಳಿದ್ದರು. ಆ ಪ್ರಶ್ನೆಗೆ ನಾನು ತಬ್ಬಿಬ್ಬಾದೆ. ನಮ್ಮಲ್ಲಿ 1994ರ ಕಾನೂನು ಬಂದಾಗಿನಿಂದ ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲೇ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಅಂತ ಬೋರ್ಡು ಇರುತ್ತಲ್ಲ, ಅದನ್ನ ನೋಡಿಕೊಂಡೇ ಬೆಳೆದವಳು ನಾನು. ಇಲ್ಲಿ ಕೇಳಿದರೆ ಹೇಳುತ್ತಾರೆ, ಜನ ಅದಕ್ಕೆ ತಕ್ಕ ಬಣ್ಣದ ಬಟ್ಟೆಯನ್ನೂ ಕೊಳ್ಳುತ್ತಾರೆ. ನಾವು ಬೇಡ ಅಂದೆವು. ಅತ್ತೆ ಎರಡು ಸಲ ಕೇಳಿದರು, ಅವರಿಗೂ ಅದನ್ನೇ ಹೇಳಿದ್ದೇವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ನಾವು ಊರಿಗೆ ಬಂದಿದ್ದಾಗ, ತೋಟದಲ್ಲಿ ಕಾಯಿ ಎಣಿಸುತ್ತಾ ಅಪ್ಪ ಇವರಿಗೆ ನಾನು ಹುಟ್ಟಿದ ರಾತ್ರಿಯ ಕಥೆ ಹೇಳಿದರಂತೆ. ರಾತ್ರಿಯೆಲ್ಲ ಹೆರಿಗೆ ವಾರ್ಡಿನ ಹೊರಗೆ ನಿಂತಿದ್ದು, ಒಳಗಿಂದ ನಿನ್ನ ಕೂಗು ಕೇಳಿಸುತ್ತಿದ್ದದ್ದು, ಯಾರನ್ನ ಕೇಳಿದರೂ "ಇನ್ನೂ ಆಗಿಲ್ಲ, ಆ ಕಡೆ ಹೋಗಿ" ಅಂತ ಗದರಿಸಿದ್ದು. ಬೆಳಗಿನ ಜಾವ ಆಯಾ ಬಂದು ಹೇಳುವವರೆಗೆ ಅವರ ಹತ್ತಿರ ಒಂದು ಲೋಟ ನೀರು ಕುಡಿಯುವ ಧೈರ್ಯವೂ ಇರಲಿಲ್ಲವಂತೆ. ಈ ಕಥೆ ಅಪ್ಪ ನನಗೆ ಯಾವತ್ತೂ ಹೇಳಿಲ್ಲ. ಅಳಿಯನಿಗೆ ಹೇಳಿದ್ದಾರೆ. ನನಗೆ ದಿನ ನಿಂತಿದೆ ಅಂತ ಗೊತ್ತಾದ ವಾರವೇ ಇವರು, "ನಾನು ಹೊರಗೆ ನಿಲ್ಲಲ್ಲ. ನಿನ್ನ ಜೊತೆ ಒಳಗಿರ್ತೀನಿ" ಅಂದರು. ಅದು ಬಿಟ್ಟು ಇವರು ಇಷ್ಟು ತಿಂಗಳಲ್ಲಿ ನನ್ನ ಹತ್ತಿರ ಏನನ್ನೂ ಕೇಳಿಲ್ಲ, ಅಮ್ಮ.

ಇಲ್ಲಿ ಹೆರಿಗೆ ಕೋಣೆಗೆ ಗಂಡ ಬರಬಹುದು, ಶುರುವಿನಿಂದ ಕೊನೆಯವರೆಗೂ ಇರಬಹುದು. ಊರಿಗೆ ಬರುವುದಾದರೆ ನಾನು ಡಿಸೆಂಬರ್‌ನಲ್ಲೇ ಹೊರಡಬೇಕು, ಮೂವತ್ತಾರು ವಾರ ದಾಟಿದರೆ ಸಾಮಾನ್ಯವಾಗಿ ವಿಮಾನಕ್ಕೆ ಹತ್ತಿಸುವುದಿಲ್ಲ. ಇವರಿಗೆ ಅಷ್ಟು ದಿನ ರಜೆ ಸಿಗುವುದಿಲ್ಲ. ಡಾಕ್ಟರು ಕೊಟ್ಟ ದಿನಕ್ಕೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೇ. ಇವರು ಲೆಕ್ಕ ಹಾಕಿ ಟಿಕೆಟ್ ಮಾಡಿಸಿ ಬಂದು ಇಳಿಯುವ ಹೊತ್ತಿಗೆ ಎಲ್ಲ ಮುಗಿದಿರಬಹುದು. ತವರು ಬೇಡವಾಗಿ ಅಲ್ಲ. ನಿನ್ನ ಕೈ ಬೇಡವಾಗಿ ಅಂತೂ ಖಂಡಿತ ಅಲ್ಲ.

"ಅಲ್ಲಿ ಬಾಣಂತನ ಯಾರು ಮಾಡ್ತಾರೆ" ಅಂತ ಕೇಳಿದೆಯಲ್ಲ. ಕೇಳು.

ಇಲ್ಲಿ ಸೂಲಗಿತ್ತಿಯರು ಇದ್ದಾರೆ. ಹೆಬಾಮೆ ಅನ್ನುತ್ತಾರೆ. ಓದಿ, ಪರೀಕ್ಷೆ ಪಾಸಾಗಿ, ಸರ್ಕಾರದ ಅನುಮತಿ ಪಡೆದವರು. ಎಷ್ಟು ದೊಡ್ಡ ಆಸ್ಪತ್ರೆಯಾದರೂ ಹೆರಿಗೆಗೆ ಸೂಲಗಿತ್ತಿ ಇರಲೇಬೇಕು ಅಂತ ಇಲ್ಲಿಯ ಕಾನೂನೇ ಹೇಳುತ್ತದೆ. ಡಾಕ್ಟರೂ ಸೂಲಗಿತ್ತಿಯನ್ನ ಕರೆಸಲೇಬೇಕು. ಹೆರಿಗೆಯಾದ ಮೇಲೆ ಮನೆಗೆ ಬರುವವರು ಬೇರೆ, ಅವರನ್ನ ನಾವೇ ಹುಡುಕಿಕೊಳ್ಳಬೇಕು. ಅವರು ಸಿಗುವುದು ಕಷ್ಟ. ಎರಡು ತಿಂಗಳು ತುಂಬುವ ಮೊದಲೇ ಫೋನ್ ಮಾಡೋಕೆ ಶುರು ಮಾಡಿದ್ದೆ, ಎಷ್ಟೋ ಜನ ಆಗಲ್ಲ ಅಂದ ಮೇಲೆ ಒಬ್ಬರು ಒಪ್ಪಿದರು. ನಿನಗಿಂತ ನಾಲ್ಕೈದು ವರ್ಷ ದೊಡ್ಡವರು. ಮಗು ಹುಟ್ಟಿದ ಮೊದಲ ಹತ್ತು ದಿನ ದಿನಾ ಮನೆಗೆ ಬರುತ್ತಾರೆ. ಆಮೇಲೆ ಹನ್ನೆರಡು ವಾರದವರೆಗೆ ಇನ್ನೂ ಹದಿನಾರು ಸಲ ಬರಬಹುದು. ನಾವು ಒಂದು ಸೆಂಟೂ ಕೊಡಬೇಕಾಗಿಲ್ಲ, ಇನ್ಶೂರೆನ್ಸೇ ಕೊಡುತ್ತದೆ. ನಮ್ಮ ಜಿಲ್ಲೆಯ ಪಾವಗಡದಲ್ಲಿ ಸೂಲಗಿತ್ತಿ ನರಸಮ್ಮ ಅಂತ ಇದ್ದರು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು ಅಂತ ಅವರಿಗೆ ಹೇಳಿದೆ. ಬರೆದುಕೊಳ್ಳುತ್ತಿದ್ದ ಪೆನ್ನು ಕೆಳಗಿಟ್ಟು, ಅವರ ಫೋಟೊ ತೋರಿಸು ಅಂದರು. ತೋರಿಸಿದೆ. ಬಹಳ ಹೊತ್ತು ನೋಡಿದರು.

ಅವರ ಬಾಯಲ್ಲೇ ನಾನು ಮೊದಲು ಕೇಳಿದ್ದು, ಇಲ್ಲೂ ಬಾಣಂತನಕ್ಕೆ ಒಂದು ಹೆಸರಿದೆ ಅಂತ. ವೊಖೆನ್‌ಬೆಟ್. ವಾರಗಟ್ಟಲೆಯ ಹಾಸಿಗೆ ಅಂತ ಅರ್ಥ. ಒಂದು ವಾರ ಹಾಸಿಗೆಯೊಳಗೆ, ಒಂದು ವಾರ ಹಾಸಿಗೆಯ ಮೇಲೆ, ಒಂದು ವಾರ ಹಾಸಿಗೆಯ ಸುತ್ತ ಅಂತ ಅವರ ಕಡೆಯ ಮಾತು. ಎದ್ದು ಓಡಾಡಬೇಡ, ಭಾರ ಎತ್ತಬೇಡ, ನೆಂಟರನ್ನ ಗುಂಪು ಸೇರಿಸಬೇಡ, ಬಿಸಿಯಾಗಿ ತಿನ್ನು. ಅಜ್ಜಿ ನಿನಗೆ ಹೇಳಿದ್ದೂ ಇದನ್ನೇ ಅಲ್ವಾ? ಹಾಲು ಹೆಚ್ಚಲಿ ಅಂತ ಇಲ್ಲಿ ಸೋಂಪು, ಶಾಜೀರಿಗೆ ಹಾಕಿದ ಕಷಾಯ ಕೊಡುತ್ತಾರೆ. ಸಬ್ಬಸಿಗೆ ಸೊಪ್ಪು ಅಂತೂ ಯಾವ ಅಂಗಡಿಗೆ ಹೋದರೂ ಇದೆ. ಇಲ್ಲಿಯ ಜನ ಅದನ್ನ ಸೌತೆಕಾಯಿಗೆ, ಮೀನಿಗೆ ಹಾಕುತ್ತಾರೆ. ಬಾಣಂತಿಗೆ ಕೊಡುವುದು ಹೆಬಾಮೆಗೆ ಗೊತ್ತಿರಲಿಲ್ಲ. ನಾನು ಹೇಳಿದ ಮೇಲೆ ಅದನ್ನೂ ಬರೆದುಕೊಂಡರು.

ನನಗೊಂದು ತಿಳಿನೀಲಿ ಪುಸ್ತಕ ಕೊಟ್ಟಿದ್ದಾರೆ, ಮುಟರ್‌ಪಾಸ್ ಅಂತ. ನಮ್ಮ ತಾಯಿ ಕಾರ್ಡ್ ಇದ್ದ ಹಾಗೆ. ರಕ್ತದ ಗುಂಪು, ತೂಕ, ಬಿಪಿ, ಸಕ್ಕರೆ, ಎಲ್ಲ ಅದರಲ್ಲೇ. ಎಲ್ಲಿ ಹೋದರೂ ಬ್ಯಾಗಿನಲ್ಲಿ ಇರಬೇಕು. ಸಕ್ಕರೆ ಪರೀಕ್ಷೆ ಸರಿಯಾಗಿದೆ, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ಕಬ್ಬಿಣದ ಮಾತ್ರೆ ತಗೋತಿದ್ದೇನೆ. ಇದನ್ನ ಫೋನಿನಲ್ಲಿ ಹೇಳಿರಲಿಲ್ಲ, ಬೈಬೇಡ.

ಆಫೀಸಿಗೆ ಡಿಸೆಂಬರ್ 18ರಿಂದ ಹೋಗಬೇಕಾಗಿಲ್ಲ. ಹೆರಿಗೆಗೆ ಆರು ವಾರ ಮುಂಚೆ ರಜೆ, ಆದ ಮೇಲೆ ಎಂಟು ವಾರ. ಆ ಎಂಟು ವಾರ ನಾನೇ ಬರ್ತೀನಿ ಅಂದರೂ ಕೆಲಸಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ. ಸಂಬಳ ಪೂರ್ತಿ ಬರುತ್ತದೆ. ಇವರೂ ಮಗು ಹುಟ್ಟಿದಾಗಿನಿಂದ ಒಂದು ತಿಂಗಳು ರಜೆ ಹಾಕಿದ್ದಾರೆ. ಏಳು ವಾರ ಮೊದಲೇ ಬರೆದುಕೊಡಬೇಕು, ಹೋದ ವಾರ ಕೊಟ್ಟು ಬಂದರು.

ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಈ ಊರೇ ಬಟ್ಟಲಿನ ಹಾಗಿದೆ, ಸುತ್ತ ಗುಡ್ಡ, ಎಲ್ಲಿ ನೋಡಿದರೂ ಮೆಟ್ಟಿಲು. ಈಗ ನಾನು ಒಂದೊಂದು ಮಹಡಿಗೂ ನಿಂತು ಉಸಿರು ತಗೊಂಡು ಹತ್ತುತ್ತೇನೆ. ಇಲ್ಲಿ ಕೇರ್‌ವೊಖೆ ಅಂತ ಒಂದು ಪದ್ಧತಿ, ಮೆಟ್ಟಿಲು, ಮನೆಮುಂದಿನ ದಾರಿ ಗುಡಿಸಿ ಒರೆಸುವ ಸರದಿ ವಾರಕ್ಕೊಂದು ಮನೆಗೆ. ಬಾಗಿಲಿಗೆ ಒಂದು ಫಲಕ ತಂದು ತೂಗುಹಾಕುತ್ತಾರೆ, ಅಂದರೆ ಈ ವಾರ ನಿಮ್ಮದು ಅಂತ. ನಮ್ಮ ಸರದಿ ಬಂದಾಗ ಇವರು ಪ್ರವಾಸದಲ್ಲಿದ್ದರು, ನಾನು ಬಕೆಟ್ ಹಿಡಿದು ಬಾಗಿಲು ತೆಗೆದೆ. ಕೆಳಗಿನ ಮನೆಯ ಅಜ್ಜಿ, ಎಪ್ಪತ್ತು ದಾಟಿದವರು, ಫಲಕವನ್ನ ನಮ್ಮ ಬಾಗಿಲಿನಿಂದ ತೆಗೆದು ತಮ್ಮ ಬಾಗಿಲಿಗೆ ಹಾಕಿಕೊಂಡರು. ಒಂದು ಮಾತೂ ಆಡಲಿಲ್ಲ. ನೀನು ಕಳಿಸಿದ ಹಸಿರು ಬಳೆ ಅವರಿಗೆ ಬಹಳ ಇಷ್ಟ, ನಾನು ಮೆಟ್ಟಿಲು ಇಳಿಯುವುದು ಸದ್ದಿನಿಂದಲೇ ಗೊತ್ತಾಗುತ್ತದಂತೆ. ಹೊಟ್ಟೆಯಲ್ಲಿರುವುದಕ್ಕೂ ಈಗ ಕಿವಿ ಕೇಳಿಸುತ್ತದೆ. ಬಳೆ ಆಡಿಸಿದರೆ ಒದೆಯುತ್ತದೆ. ಎರಡು ಬಳೆ ಒಡೆದಿವೆ, ಉಳಿದವನ್ನ ಹೆರಿಗೆಯವರೆಗೂ ತೆಗೆಯುವುದಿಲ್ಲ.

ನಿನ್ನ ಅಳಿಯ ಈಗ ಮುದ್ದೆ ತಿರುವುವುದನ್ನ ಕಲಿತಿದ್ದಾರೆ. ಗಂಟಿಲ್ಲದೆ ಬರುತ್ತದೆ, ನಿಜ. ಹೆರಿಗೆಗೆ ಮುಂಚಿನ ತರಗತಿಗೆ ಪ್ರತಿ ಬುಧವಾರ ಸಂಜೆ ಇಬ್ಬರೂ ಹೋಗುತ್ತೇವೆ. ನೋವು ಬಂದಾಗ ಬೆನ್ನು ಎಲ್ಲಿ ಒತ್ತಬೇಕು, ಉಸಿರು ಹೇಗೆ ಬಿಡಬೇಕು, ಎಷ್ಟು ಹೊತ್ತಿಗೊಮ್ಮೆ ನೋವು ಬಂದರೆ ಆಸ್ಪತ್ರೆಗೆ ಹೊರಡಬೇಕು ಅಂತ ಗಂಡಂದಿರಿಗೂ ಹೇಳಿಕೊಡುತ್ತಾರೆ. ಅವರು ಜರ್ಮನ್‌ನಲ್ಲಿ ಹೇಳಿದ್ದನ್ನ ಇವರು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. "ನೋವಿನ ಹೊತ್ತಿನಲ್ಲಿ ನಿನಗೆ ಕನ್ನಡದಲ್ಲೇ ಹೇಳಬೇಕಲ್ಲ, ಅದಕ್ಕೆ" ಅಂತ ನನಗೆ ಅಂದರು.

ಅಮ್ಮ, ನೀನು ಬಾ. ಈ ಕಾಗದ ಬರೆದದ್ದೇ ಅದಕ್ಕೆ. ಹೆಬಾಮೆ ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ಬಂದು ಹೋಗುತ್ತಾರೆ. ಉಳಿದ ಹೊತ್ತು ನನಗೆ ನೀನು ಬೇಕು.

ವೀಸಾ ತೊಂಬತ್ತು ದಿನಕ್ಕೆ ಕೊಡುತ್ತಾರೆ. ನಿನ್ನ ಖರ್ಚು ನಮ್ಮದು ಅಂತ ನಾವು ಇಲ್ಲಿಯ ಕಚೇರಿಯಲ್ಲಿ ಬರೆದುಕೊಡಬೇಕು, ಅದಕ್ಕೆ 29 ಯೂರೊ ಕಟ್ಟಿ ಪತ್ರ ಮಾಡಿಸಿದ್ದೇವೆ. ಮೂವತ್ತು ಸಾವಿರ ಯೂರೊದ ಪ್ರಯಾಣ ವಿಮೆಯೂ ಬೇಕು, ಅದನ್ನ ಇವರು ಮಾಡಿಸುತ್ತಾರೆ. ನೀನು ಬೆಂಗಳೂರಿಗೆ ಒಂದು ಸಲ ಹೋಗಿ ಬೆರಳಚ್ಚು ಕೊಟ್ಟು ಬರಬೇಕು, ತಂಗಿ ಜೊತೆಗೆ ಬರುತ್ತಾಳೆ, ಅವಳಿಗೆ ಹೇಳಿದ್ದೇನೆ. ಸಂಕ್ರಾಂತಿ ಮುಗಿಸಿಕೊಂಡು ಹೊರಟರೆ ಮಾರ್ಚ್ 19ರ ಯುಗಾದಿ ಇಲ್ಲೇ ಮಾಡಿಕೊಂಡು ಏಪ್ರಿಲ್‌ನಲ್ಲಿ ಹೋಗಬಹುದು. ಅಪ್ಪನ ಊಟಕ್ಕೆ ಚಿಕ್ಕಮ್ಮ ಇದ್ದಾರೆ. ಅಪ್ಪನನ್ನೂ ಕರೆದೆವು, ತೋಟಕ್ಕೆ ನೀರು ಯಾರು ಬಿಡ್ತಾರೆ ಅಂದರು.

ಬರುವ ಮುಂಚೆ ಕೆಲವು ಮಾತು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಇಬ್ಬರಿಗೂ ಬೇಜಾರು ಬೇಡ. ಮೊದಲ ಹಳದಿ ಹಾಲನ್ನ ಚೆಲ್ಲುವುದಿಲ್ಲ, ಅದನ್ನೇ ಮಗುವಿಗೆ ಕುಡಿಸುತ್ತೇನೆ. ಜೇನುತುಪ್ಪ ನೆಕ್ಕಿಸುವುದು ಬೇಡ, ವರ್ಷ ತುಂಬುವವರೆಗೂ ಬೇಡ, ಅದರಿಂದ ಎಳೆಮಕ್ಕಳಿಗೆ ವಿಷವಾಗಬಹುದು. ಕಣ್ಣಿಗೆ ಕಪ್ಪು ಬೇಡ, ಹಣೆಗೆ ಬೇಕಾದರೆ ಇಡು. ಸಾಂಬ್ರಾಣಿ ಹೊಗೆ ಹಾಕುವ ಹಾಗಿಲ್ಲ, ಮಗುವಿನ ಎದೆಗೂ ಒಳ್ಳೆಯದಲ್ಲ, ಪ್ರತಿ ಮಲಗುವ ಕೋಣೆಯ ಸೂರಿನಲ್ಲೂ ಹೊಗೆ ಬಂದರೆ ಕೂಗುವ ಯಂತ್ರ ಬೇರೆ ಇದೆ. ಎಲ್ಲಕ್ಕಿಂತ ನಿನಗೆ ಕಷ್ಟವಾಗುವುದು ಇದು: ಮಗು ಮಲಗುವ ಕೋಣೆಯನ್ನ ಇಲ್ಲಿ ಹದಿನಾರರಿಂದ ಹದಿನೆಂಟು ಡಿಗ್ರಿಯಲ್ಲೇ ಇಡಿ ಅನ್ನುತ್ತಾರೆ. ಅಂಗಾತ ಮಲಗಿಸಬೇಕು, ಚೀಲದಂಥ ಬಟ್ಟೆ ಹಾಕಬೇಕು, ಮಲಗುವಾಗ ಟೋಪಿ, ದಿಂಬು, ಕಂಬಳಿ ಯಾವುದೂ ಬೇಡ. ಮೈ ಅತಿಯಾಗಿ ಕಾದರೆ ನಿದ್ದೆಯಲ್ಲೇ ಅಪಾಯ ಅಂತ. ಇದರಲ್ಲಿ ನಾನು ಹೆಬಾಮೆ ಮಾತನ್ನೇ ಕೇಳುತ್ತೇನೆ. ನನ್ನ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸೊಂಟಕ್ಕೆ ಕಟ್ಟು, ಮೆಣಸಿನ ಸಾರು, ಅದೆಲ್ಲ ನೀನು ಹೇಳಿದಂತೆ.

ಮಗುವನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆಯುವುದನ್ನ ಹೆಬಾಮೆಗೆ ಕೈಸನ್ನೆ ಮಾಡಿ ತೋರಿಸಿದೆ. ನಿಮ್ಮ ತಾಯಿ ಬಂದಾಗ ನೋಡಲೇಬೇಕು, ಆ ದಿನ ಬೇಗ ಬರುತ್ತೇನೆ ಅಂದರು. ಅಜ್ಜಿ ನನ್ನನ್ನ ಎರೆದ ಹಾಗೆಯೇ ಎರೆ. ನನಗೆ ಬರುವುದಿಲ್ಲ, ಫೋನಿನಲ್ಲಿ ಕಲಿಯುವ ಕೆಲಸವೂ ಅಲ್ಲ.

ತುಪ್ಪ ತರಬೇಡ. ಹಾಲಿನ ಪದಾರ್ಥ ಹೊರದೇಶದಿಂದ ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದು ಬಿಸಾಡುತ್ತಾರೆ. ನೀನು ಕಾಯಿಸಿದ ತುಪ್ಪ ಕಸದ ಡಬ್ಬಿಗೆ ಹೋಗುವುದನ್ನ ನಾನು ನೋಡಲಾರೆ. ಇಲ್ಲಿ ಹುಳಿ ಬಂದ ಕೆನೆಯಿಂದ ತೆಗೆದ ಬೆಣ್ಣೆ ಸಿಗುತ್ತದೆ, ಇವರು ಕಾಯಿಸುತ್ತಿರುವುದು ಅದನ್ನೇ. ಮನೆಯ ಬೆಣ್ಣೆಗೆ ಹತ್ತಿರದ ರುಚಿ. ವೀಳ್ಯದೆಲೆ ಇಲ್ಲ, ಇವರು ಕರಿಬೇವಿನ ಎಸಳು ಹಾಕಿ ಇಳಿಸಿದ್ದಾರೆ.

ಹಳೆಯ ಹತ್ತಿ ಸೀರೆ ನಾಲ್ಕು ತಾ, ಮಗುವಿಗೆ ಹಾಸೋಕೆ, ಸುತ್ತೋಕೆ. ಹೊಸ ಬಟ್ಟೆ ಎಷ್ಟು ಬೇಕಾದರೂ ಇಲ್ಲಿದೆ, ಹಳೆಯದರ ಮೆದು ಅದಕ್ಕೆಲ್ಲಿ ಬರಬೇಕು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜಿಯ ನೀಲಿ ಚೌಕಳಿ ಸೀರೆ ಇದ್ದರೆ, ಅದನ್ನ ಹರಿಯದೆ ಹಾಗೇ ತಾ.

ಇಂತಿ ನಿನ್ನ ಮಗಳು