ಪೊಲೀಸ್ ತಿಮ್ಮಯ್ಯ ಯಾರೆಂದು ಒಂದು ಕಿರುಚಿತ್ರ ಹೇಳಲಿ

ಮಾನ್ಯರೇ,

ಬೆಂಗಳೂರಿನ ಜಿಪಿಒ (ಪ್ರಧಾನ ಅಂಚೆ ಕಚೇರಿ) ಬಳಿಯ ವೃತ್ತಕ್ಕೆ ‘ಪೊಲೀಸ್ ತಿಮ್ಮಯ್ಯ ವೃತ್ತ’ ಎಂದು ಹೆಸರು. ಯಾರು ಈ ತಿಮ್ಮಯ್ಯ ಎಂದು ಮೊನ್ನೆ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹುಡುಗನನ್ನು ಕೇಳಿದೆ. ‘ಮಿಲಿಟರಿ ಜನರಲ್ ಅಲ್ವಾ ಅಂಕಲ್?’ ಎಂದ. ತಪ್ಪು ಅವನದಲ್ಲ. ಜನರಲ್ ಕೆ.ಎಸ್. ತಿಮ್ಮಯ್ಯ 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದವರು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಆಗಬೇಕಾದದ್ದೇ. ಆದರೆ ವೃತ್ತದ ತಿಮ್ಮಯ್ಯ ಬೇರೆ. ಅವರು ಅಲ್ಲೇ ಡ್ಯೂಟಿ ಮಾಡುತ್ತಿದ್ದ ಸಂಚಾರ ಪೊಲೀಸ್. 1995ರಲ್ಲಿ, ವಾಹನದಡಿ ಸಿಗಲಿದ್ದ ತಾಯಿ-ಮಗುವನ್ನು ಉಳಿಸಲು ಹೋಗಿ ತಾವು ಜೀವ ಬಿಟ್ಟರು. ಜನರಲ್‌ರಿಗೆ ಮ್ಯೂಸಿಯಂ ಇದೆ, ಇವರಿಗಿರುವುದು ಒಂದು ಬೋರ್ಡು.

ನಾನು ಜಿಪಿಒಗೆ ವರ್ಗವಾಗಿ ಬಂದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಊಟದ ಹೊತ್ತಿನಲ್ಲಿ ಹಳಬರು ಆ ಮಾತು ಎತ್ತುತ್ತಿದ್ದರು. ಹೇಳುವವರು ಒಬ್ಬೊಬ್ಬರಾಗಿ ರಿಟೈರಾದರು, ನಾನೂ ಆದೆ. ತಿಮ್ಮಯ್ಯನವರ ಜೊತೆ ಪಾಳಿ ಮಾಡಿದ ಪೊಲೀಸರಿಗೂ ಈಗ ವಯಸ್ಸಾಗಿರುತ್ತದೆ. ಅವರ ನೆನಪು ಗಟ್ಟಿಯಿರುವಾಗಲೇ ಕ್ಯಾಮೆರಾ ಮುಂದೆ ಕೂರಿಸಿ, ಹತ್ತು ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಬಾರದೇ? ವಾರ್ತಾ ಇಲಾಖೆ ಮಾಡಲಿ, ಚಲನಚಿತ್ರ ಅಕಾಡೆಮಿ ಮಾಡಲಿ, ಪೊಲೀಸ್ ಇಲಾಖೆಯೇ ಮಾಡಲಿ. ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಯಿಂದ ಈ ವೃತ್ತಕ್ಕೆ ನಡೆದೇ ಬರಬಹುದು.

ಮಾಡುವವರಲ್ಲಿ ಒಂದು ವಿನಂತಿ. ಹಿನ್ನೆಲೆಯಲ್ಲಿ ಪಿಟೀಲು ಅಳುವುದು ಬೇಡ. ನಟರನ್ನಿಟ್ಟು ಅಪಘಾತ ಮಾಡಿಸುವುದಂತೂ ಬೇಡವೇ ಬೇಡ. ಆ ಮನುಷ್ಯ ಬೆಳಿಗ್ಗೆ ಎಷ್ಟಕ್ಕೆ ಮನೆ ಬಿಡುತ್ತಿದ್ದರು, ಬಿಸಿಲಲ್ಲಿ ಬಾಯಾರಿದರೆ ನೀರು ಎಲ್ಲಿ ಕುಡಿಯುತ್ತಿದ್ದರು, ರಾಜಭವನ, ವಿಧಾನಸೌಧದ ಕಾರುಗಳಿಗಾಗಿ ಜನರನ್ನು ತಡೆದು ನಿಲ್ಲಿಸಿದಾಗ ಎಷ್ಟು ಬೈಸಿಕೊಳ್ಳುತ್ತಿದ್ದರು, ಇಷ್ಟನ್ನು ಕೇಳಿ ತೋರಿಸಿದರೆ ಸಾಕು. ಪೊಲೀಸರೆಲ್ಲ ದೇವರೆಂದು ನಾನು ಹೇಳುತ್ತಿಲ್ಲ. ರಸೀದಿಯಿಲ್ಲದೆ ದುಡ್ಡು ಕೇಳಿದವರನ್ನೂ ಕಂಡಿದ್ದೇನೆ. ಆದರೆ ಈಗ ಮೊಬೈಲಿನಲ್ಲಿ ಓಡಾಡುವ ಪೊಲೀಸರ ವಿಡಿಯೊಗಳಲ್ಲಿ ನನ್ನ ಕಣ್ಣಿಗೆ ಬೀಳುವುದು ಹೆಲ್ಮೆಟ್ ಜಗಳವೇ.

ಚಿತ್ರವಾದರೆ ಅದನ್ನು ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನಕ್ಕಷ್ಟೇ ಮೀಸಲಿಡಬೇಡಿ. ಅಲ್ಲಿ ಕೂತಿರುವವರಿಗೆ ಈ ಕಥೆ ಗೊತ್ತು. ಡಿಎಲ್ ಪರೀಕ್ಷೆಗೆಂದು ಆರ್‌ಟಿಒ ಕಚೇರಿಯಲ್ಲಿ ಸಾಲು ಕಾಯುವವರಿಗೆ ತೋರಿಸಿ.

— ನಿವೃತ್ತ ಅಂಚೆ ನೌಕರ, ಬೆಂಗಳೂರು