ಪಿಎಚ್‌ಡಿ ಸೀಟ್ ಸಿಗದವರಿಗೆ ಕಾರಣವನ್ನಾದ್ರೂ ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ರ‍್ಯಾಂಕ್ ಬಂದವರ ಫೋಟೋ ಪೇಪರಲ್ಲಿ ಬರ್ತದೆ, ಕಾಲೇಜಿನವ್ರು ಫ್ಲೆಕ್ಸ್ ಹಾಕ್ತಾರೆ, ಅದು ಬೇಕಾದ್ದೇ. ಆದ್ರೆ ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಅರ್ಜಿ ಹಾಕಿ ಇಂಟರ್‌ವ್ಯೂವರೆಗೂ ಹೋಗಿ ಸೀಟ್ ಸಿಗದೆ ಬಂದ ಮಕ್ಕಳ ವಿಷಯ ಯಾರೂ ಎತ್ತುದಿಲ್ಲ. ನಾನು ಉಡುಪಿಯಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು, ಅದಕ್ಕೇ ಬರೀತಿದ್ದೇನೆ.

ನಮ್ಮ ಹಳೆ ಸ್ಟೂಡೆಂಟ್ ಒಬ್ಳು, ಕಾರ್ಕಳ ಕಡೆಯವಳು, ಬೆಂಗಳೂರಲ್ಲಿ ಇಂಟರ್‌ವ್ಯೂ ಕೊಟ್ಟಿದ್ಳು. ಸೆಲೆಕ್ಟ್ ಆಗಿಲ್ಲ ಅಂತ ಎರಡು ಸಾಲಿನ ಮೇಲ್ ಬಂತು, ಯಾಕೆ ಅಂತ ಇಲ್ಲ. ಮನೆಯಲ್ಲಿ ಅದೇ ವಾರ ಬಿಎಡ್ ಅರ್ಜಿ ರೆಡಿ, ಮದುವೆ ಮನೆಯಲ್ಲಿ ಸಿಕ್ಕವರದ್ದೆಲ್ಲ "ಎಂತ ಮಾರಾಯ್ತಿ, ಆಗ್ಲಿಲ್ವಂತೆ?" ಬಿಎಡ್ ಒಳ್ಳೇದೇ, ನಾನೂ ಟೀಚರೇ, ಆದ್ರೆ ಅವಳಿಗೆ ಬೇಕಾದ್ದು ಅದಲ್ವಲ್ಲ, ಪಿಎಚ್‌ಡಿಗೆ ಅರ್ಜಿ ಹಾಕ್ಲಿಕ್ಕೆ ಬರೆಯುವ ಗೇಟ್ ಪರೀಕ್ಷೆಯ ಸ್ಕೋರಿಗೆ 3 ವರ್ಷ ವ್ಯಾಲಿಡಿಟಿ ಉಂಟು ಅಂತ ಮನೆಯವರಿಗೆ ಗೊತ್ತೇ ಇಲ್ಲ.

ಸ್ಟಾಫ್ ರೂಮಲ್ಲಿ ಕೂರಿಸಿ, ಅಲ್ಲಿ ಕೇಳಿದ ಪ್ರಶ್ನೆ ಎಲ್ಲಾ ನೆನಪಾದ ಹಾಗೆ ಬರಿ ಅಂದೆ. ಥಿಯರಿ ಎಲ್ಲಾ ಚಂದ ಹೇಳಿದ್ದಾಳೆ, ತಡವರಿಸಿದ್ದು ಅವಳದ್ದೇ ಪ್ರಾಜೆಕ್ಟಿನ ಎನ್‌ಎಂಆರ್ ಗ್ರಾಫಿನಲ್ಲಿ, ಅಂದ್ರೆ ಕಾಂಪೌಂಡಿನ ರಚನೆ ತಿಳಿಯಲಿಕ್ಕೆ ತೆಗೆಯುವ ಗ್ರಾಫಿನಲ್ಲಿ. ಗ್ರಾಫಿನ ಅಳತೆಯಲ್ಲಿ 2.5 ಪಿಪಿಎಂ ಹತ್ರ ಇರುವ ಪೀಕ್ ನಿನ್ನ ಕಾಂಪೌಂಡಿಂದಾ, ಅದನ್ನು ಕರಗಿಸಿದ ಡಿಎಂಎಸ್‌ಒ ಸಾಲ್ವೆಂಟಿಂದಾ ಅಂತ ಕೇಳಿದ್ರಂತೆ. ಅದು ಸಾಲ್ವೆಂಟಿಂದೇ. ಆದ್ರೆ ಸ್ಯಾಂಪಲ್ ಹೊರಗೆ ಕಳ್ಸಿ, ಪ್ರಿಂಟೌಟ್ ಬಂದ ಮೇಲೆ ರಿಪೋರ್ಟಿಗೆ ಸೇರಿಸಿ ಮುಗಿಸುವ ಕಡೆ ಕಲಿತ ಮಕ್ಕಳಿಗೆ ಅದನ್ನು ಗ್ರಾಫ್ ಎದುರಿಗಿಟ್ಟು ಯಾರು ಹೇಳಿಕೊಡ್ತಾರೆ? ಸ್ವಲ್ಪ ಸಮಯ ಕೂತು ಕಲಿತ್ರೆ ಸರಿ ಆಗುವಂಥದ್ದು. ಅದು ಗೊತ್ತಾಗದೆ ಆ ಹುಡುಗಿ ನಾನೇ ದಡ್ಡಿ ಅಂತ ಅಳ್ತಾ ಇದ್ಳು, ನಂಗೆ ತಡೀಲಿಕ್ಕೆ ಆಗ್ಲಿಲ್ಲ.

ಹಾಗಾಗಿ ಸಂಸ್ಥೆಗಳಲ್ಲಿ ನನ್ನ ಕೇಳಿಕೆ ಇಷ್ಟೇ, ಇಂಟರ್‌ವ್ಯೂವರೆಗೆ ಬಂದವರಿಗೆ ಒಂದು ಸಾಲು ಕಾರಣ ಬರೀರಿ. ಸಬ್ಜೆಕ್ಟ್ ಸಾಲದಾ, ಪ್ರಾಜೆಕ್ಟ್ ಸಾಲದಾ, ಅಥವಾ ಗೈಡ್ ಹತ್ರ ಜಾಗವೇ ಇಲ್ವಾ. ಈ ಕೊನೇದು ತುಂಬಾ ಸಲ ಆಗ್ತದೆ, ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಹತ್ರ ಒಟ್ಟಿಗೆ 8, ಅಸೋಸಿಯೇಟ್ ಹತ್ರ 6, ಅಸಿಸ್ಟೆಂಟ್ ಹತ್ರ 4 ಜನ ಮಾತ್ರ ಇರ್ಲಿಕ್ಕೆ ಆಗುದು, ಒಬ್ರು ಮುಗಿಸಿ ಹೋಗದೆ ಇನ್ನೊಬ್ರಿಗೆ ಜಾಗ ಇಲ್ಲ, ಅದರಲ್ಲಿ ಹುಡುಗಿಯ ತಪ್ಪೆಂತ? 2024ರಿಂದ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಗದಿದ್ರೂ ನೆಟ್ ಪರೀಕ್ಷೆಯ ಮಾರ್ಕಿನಲ್ಲಿ ಪಿಎಚ್‌ಡಿಗೆ ಹೋಗ್ಬಹುದು, ಅದಕ್ಕೆ 70, ಇಂಟರ್‌ವ್ಯೂಗೆ 30 ಅಂತ ಲೆಕ್ಕ, ಆದ್ರೆ ಆ ಮಾರ್ಕಿಗೆ ಒಂದೇ ವರ್ಷ ಆಯುಷ್ಯ. ಎಲ್ಲಿ ಕಮ್ಮಿ ಆಯ್ತು ಅಂತ ಗೊತ್ತಾಗದೆ ಆ ಒಂದು ವರ್ಷದಲ್ಲಿ ಎಂತ ತಯಾರಿ ಮಾಡುದು?

ಅಪ್ಪ ಅಮ್ಮಂದಿರೇ, ಮೇಲ್ ಬಂದ ವಾರವೇ ಮಕ್ಕಳ ದಾರಿ ಬದಲಿಸ್ಬೇಡಿ. ಅವರು ಅಳ್ಲಿ, ಮಲಗಿ ಏಳ್ಲಿ, ಮತ್ತೆ ಅವರ ಮೇಷ್ಟ್ರ ಹತ್ರ ಕಳ್ಸಿ.

ಸಂಪಾದಕರೇ, ಕೊಣಾಜೆ, ಸುರತ್ಕಲ್, ಮಣಿಪಾಲ, ಇಲ್ಲೇ ಹತ್ರ ಪಿಎಚ್‌ಡಿ ಮಾಡ್ಲಿಕ್ಕೆ ಜಾಗ ಉಂಟು, ನೋಟಿಫಿಕೇಷನ್ ಬಂದದ್ದು ಊರ ಮಕ್ಕಳಿಗೆ ತಿಳಿಯುವಾಗ ಲಾಸ್ಟ್ ಡೇಟ್ ದಾಟಿರ್ತದೆ. ನಿಮ್ಮ ಶಿಕ್ಷಣ ಪುಟದಲ್ಲಿ ಆ ತಾರೀಕುಗಳನ್ನು ತಿಂಗಳಿಗೊಮ್ಮೆ ಹಾಕಿ, ಪಟ್ಟಿ ಮಾಡಿ ಕಳ್ಸುವ ಕೆಲ್ಸ ನಾನು ಮಾಡ್ತೇನೆ.

ಇಂತಿ,
ಓರ್ವ ಉಪನ್ಯಾಸಕಿ, ಉಡುಪಿ